ಹೋಟ್ಲಲ್ಲಿ ಉಳಿಯುವ ಕಾಯಿಲೆ

ಮಾಘ ಮಾಸದ ಚಳಿ ಇನ್ನೂ ಬಿಟ್ಟಿರಲಿಲ್ಲ. ಹೊಸನಗರದಿಂದ ಹುಲಿಕಲ್ಲಿಗೆ ಹೋಗುವ ರಸ್ತೆಯ ಪಕ್ಕ, ಕಲ್ಲುಕೊಪ್ಪದ ಕೊಯ್ಲಾದ ಗದ್ದೆಯಲ್ಲಿ ಆಲೆಮನೆ ಹೂಡಿ ವಾರ ಕಳೆದಿತ್ತು. ಜೋಡಿ ಕೋಣಗಳು ಗಾಣ ಸುತ್ತುತ್ತಿದ್ದವು. ಒಬ್ಬ ಗಾಣದ ಬಾಯಿಗೆ ಕಬ್ಬು ಕೊಡುತ್ತಿದ್ದ, ಇನ್ನೊಬ್ಬ ಒಲೆಗೆ ಒಣಸಿಪ್ಪೆ ತುರುಕುತ್ತಿದ್ದ, ಮೂರನೆಯವನು ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ನೊರೆ ತೆಗೆದು ತೆಗೆದು ಚೆಲ್ಲುತ್ತಿದ್ದ. ಗಾಣದ ಯಜಮಾನ ವಾಸಪ್ಪ ಬೆಂಚಿನ ಮೇಲೆ ಕೂತು ಮಾತಾಡುತ್ತಿದ್ದ. ಅದೂ ಒಂದು ಕೆಲಸವೇ. ಯಜಮಾನನ ಮಾತು ನಿಂತರೆ ಕೋಣ ನಿಲ್ಲುತ್ತದೆಂದು ವಾಸಪ್ಪ ನಂಬಿದ್ದ. ಕೋಣಗಳ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ.

ಆಲೆಮನೆಯಲ್ಲಿ ದುಡಿಯುವ ಅಷ್ಟೂ ಜನರಿಗೆ ಬೆಳಗಿನ ಕಡುಬು, ಮಧ್ಯಾಹ್ನದ ಅನ್ನ ಸಾರು, ಸಂಜೆಯ ಕಾಫಿ ವಾಸಪ್ಪನ ಮನೆಯಿಂದಲೇ ಬರಬೇಕು. ಹೀಗಾಗಿ ಆ ದಿನಗಳಲ್ಲಿ ಗದ್ದೆಯ ಒಲೆಯೂ ಅವನ ಹೆಂಡತಿ ವರದಮ್ಮನ ಒಲೆಯೂ ಒಟ್ಟೊಟ್ಟಿಗೆ ಉರಿಯುತ್ತಿದ್ದವು. ವ್ಯತ್ಯಾಸ ಇಷ್ಟೇ: ಗದ್ದೆಯ ಒಲೆ ಶಿವರಾತ್ರಿಯ ಹೊತ್ತಿಗೆ ಆರುತ್ತಿತ್ತು.

ಅವತ್ತು ಕಬ್ಬಿನ ಹಾಲು ಕುಡಿಯಲು ರಸ್ತೆಯಲ್ಲಿ ಜೀಪು ನಿಲ್ಲಿಸಿ ಇಳಿದು ಬಂದವನು ಓವರ್‌ಸಿಯರ್ ವಿಘ್ನೇಶ್ವರ. ಹೆಗ್ಗೋಡು ಕಡೆಯ ಹುಡುಗ. ಕಾರ್ಗಲ್ಲಿನ ವಿದ್ಯುತ್ ಯೋಜನೆಯಲ್ಲಿ ಕೆಲಸ, ಹೊಸ ಮದುವೆ, ಕಣ್ಣಿಗೆ ಕಪ್ಪು ಕನ್ನಡಕ. ಹೆಂಡತಿಯನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ ಬಂದ ಸುದ್ದಿಯನ್ನು ಅವನು ಲೋಟ ಕೈಗೆ ಬರುವ ಮೊದಲೇ ಹೇಳಿ ಮುಗಿಸಿದ.

"ಯಾರ ಮನೇಲಿ ಉಳ್ಕಂಡಿದ್ರಿ?" ಎಂದ ವಾಸಪ್ಪ.

"ಯಾರ ಮನೆಯೂ ಇಲ್ಲ ಸ್ವಾಮಿ, ಹೋಟ್ಲಲ್ಲಿ! ಮಹಡಿ ಮೇಲೆ ರೂಮು. ಮಂಚ, ಹಾಸಿಗೆ, ಆಳೆತ್ತರದ ಕನ್ನಡಿ. ಗೋಡೆಯಲ್ಲೊಂದು ಗುಂಡಿ. ಒತ್ತಿದ್ರೆ ಕಾಫಿ ಬರುತ್ತೆ."

"ಗೋಡೆಯಿಂದನಾ?" ಎಂದ ಕಬ್ಬು ಕೊಡುವವನು.

"ಮನುಷ್ಯ ತರ್ತಾನಪ್ಪ." ವಿಘ್ನೇಶ್ವರ ಮೀಸೆಯ ನೊರೆ ಒರೆಸಿಕೊಂಡು ವಾಸಪ್ಪನ ಕಡೆ ತಿರುಗಿದ. "ನೀವು ಮನೆಯವ್ರನ್ನ ಎಲ್ಲಿಗೆ ಕರ್ಕೊಂಡು ಹೋಗಿದ್ರಿ?"

ವಾಸಪ್ಪ ಹೆಂಡತಿಯನ್ನು ತೀರ್ಥಹಳ್ಳಿಯ ತವರಿಗೆ ಕರೆದುಕೊಂಡು ಹೋಗಿದ್ದ, ತವರಿನಿಂದ ಕರೆದುಕೊಂಡು ಬಂದಿದ್ದ. ಇದನ್ನು ಪ್ರವಾಸವೆಂದು ಹೇಳಬಹುದೇ ಎಂದು ಅವನು ಯೋಚಿಸಿದ. ಕಪ್ಪು ಕನ್ನಡಕ ಅವನನ್ನೇ ನೋಡುತ್ತಿತ್ತು.

"ಆಲೆಮನೆ ಮುಗಿದ ಕೂಡ್ಲೆ ನಾವೂ ಬೆಂಗಳೂರಿಗೆ ಹೊರಟಿದೀವಿ" ಎಂದುಬಿಟ್ಟ. "ಇಬ್ರೇ. ಹೋಟ್ಲಲ್ಲೇ."

ಹೇಳಿ ತಾನೇ ಬೆಚ್ಚಿದ. ಕಬ್ಬಿನ ಸೋಗೆ ಹೊರುತ್ತಿದ್ದ ಗುತ್ಯಮ್ಮ ಹೊರೆಯನ್ನು ಅಲ್ಲೇ ಕೆಡವಿ, ಸೆರಗು ಕಟ್ಟಿಕೊಂಡು ವಾಸಪ್ಪನ ಮನೆಯ ದಾರಿ ಹಿಡಿದಳು. ಕಲ್ಲುಕೊಪ್ಪಕ್ಕೆ ಆಗಿನ್ನೂ ಟೆಲಿಫೋನ್ ಬಂದಿರಲಿಲ್ಲ. ಬೇಕಾಗಿಯೂ ಇರಲಿಲ್ಲ.

ಮಧ್ಯಾಹ್ನ ಊಟಕ್ಕೆ ಹೋದಾಗ ವರದಮ್ಮ ಬಾಗಿಲಲ್ಲೇ ನಿಂತಿದ್ದಳು. ಬೈಗುಳಕ್ಕೆ ಸಿದ್ಧನಾಗಿ ವಾಸಪ್ಪ ತಲೆ ತಗ್ಗಿಸಿದ.

"ಆ ಹೋಟ್ಲಲ್ಲಿ ಅಡುಗೆ ಯಾರು ಮಾಡ್ತಾರೆ?" ಎಂದಳು.

"ಅವ್ರೇ."

"ಪಾತ್ರೆ ತಿಕ್ಕೋದು?"

"ಅದೂ ಅವ್ರೇ."

"ಹಾಸಿಗೆ ಮಡಚೋದು?"

"ಅವ್ರೇ ಇರ್ಬೇಕು ಕಣೆ."

ವರದಮ್ಮ ಮೆಲ್ಲನೆ ಹೊಸ್ತಿಲ ಮೇಲೆ ಕೂತಳು. ಮದುವೆಯಾದ ಮೇಲೆ ಅವಳು ಹಗಲಿನಲ್ಲಿ ಹಾಗೆ ಕೂತದ್ದನ್ನು ವಾಸಪ್ಪ ನೋಡಿರಲಿಲ್ಲ.

"ನಾಲ್ಕು ದಿನ ಇರಣ" ಎಂದಳು. "ನಂಗೆ ಅರಮನೆಯೂ ಬೇಡ, ಲಾಲ್‌ಬಾಗೂ ಬೇಡ. ಒಲೆ ಕಣ್ಣಿಗೆ ಬೀಳದ ಕಡೆ ನಾಲ್ಕು ದಿನ ಕಾಲು ಚಾಚಿ ಮಲಗ್ತೀನಿ. ಸುಬ್ಬರಾಯಣ್ಣನ ಮನೆ ಹೆಸರು ಮಾತ್ರ ಎತ್ಬೇಡಿ."

ಸುಬ್ಬರಾಯ ವಾಸಪ್ಪನ ದೊಡ್ಡಪ್ಪನ ಮಗ. ಬೆಂಗಳೂರಲ್ಲಿ ಸರ್ಕಾರಿ ಗುಮಾಸ್ತ. ಅವನ ಹೆಂಡತಿಯ ಬಾಣಂತನಕ್ಕೆಂದು ವರದಮ್ಮನನ್ನು ಒಮ್ಮೆ ಕರೆಸಿಕೊಂಡಿದ್ದರು.

"ಒಂದೂವರೆ ತಿಂಗಳು ಬೆಂಗಳೂರಲ್ಲಿದ್ದೆ" ಎಂದಳು ವರದಮ್ಮ. "ನೋಡಿದ್ದೆಲ್ಲ ಅವ್ರ ಅಡುಗೆಮನೆ ಕಿಟಕಿಯಿಂದ."

"ಏನು ಕಾಣ್ತಿತ್ತು?"

"ಪಕ್ಕದ ಮನೆ ಗೋಡೆ."

ಹೀಗೆ ಬಾಯಿ ತಪ್ಪಿ ಬಂದ ಮಾತು ಮನೆಯಲ್ಲಿ ಕಾಯಿದೆಯಾಯಿತು. ಇನ್ನು ವಾಸಪ್ಪ ಹಿಂದೆ ಸರಿಯುವಂತಿರಲಿಲ್ಲ. ಮುಂದೆ ಹೋಗೋಣವೆಂದರೆ ಅಲ್ಲಿ ಸುಬ್ಬರಾಯನ ತಂದೆ, ದೊಡ್ಡಪ್ಪ ಮುಕುಂದಯ್ಯ ಕೂತಿದ್ದರು.

ಈ ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಸೀಮೆಯಲ್ಲಿ ಹೋಟ್ಲು ಎಂದರೆ ಸಂತೆಯ ದಿನ ಬನ್ಸು ತಿಂದು ಕಾಫಿ ಕುಡಿಯುವ ಜಾಗ. ಅಲ್ಲಿ ಮಲಗುವುದೆಂದರೆ ಬೇರೆ ಮಾತು. ಹತ್ತಿರದ ನೆಂಟ ಇರುವ ಊರಲ್ಲಿ ಹೋಟ್ಲು ಹಿಡಿದವನನ್ನು ನೆಂಟ ಸತ್ತರೂ ಕರೆಯುವುದಿಲ್ಲ. ಕರೆದರೂ ಪಂಕ್ತಿಯ ಕೊನೆಯ ಎಲೆಗೆ ಕೂರಿಸುತ್ತಾರೆ. ಈ ನಿಯಮದಿಂದ ಇಬ್ಬರಿಗೆ ಮಾತ್ರ ವಿನಾಯಿತಿ. ಒಬ್ಬ, ನೆಂಟನ ಮೇಲೆಯೇ ಕೇಸು ಹಾಕಿದವನು. ಇನ್ನೊಬ್ಬ, ನೆಂಟರಿಗೆ ಹೇಳಲಾಗದ ಕಾಯಿಲೆಯವನು.

ಸಂಜೆ ಮುಕುಂದಯ್ಯ ಹೇಳಿ ಕಳಿಸಿದರು. ವಾಸಪ್ಪ ಹೋಗಿ ಜಗಲಿಯ ತುದಿಯಲ್ಲಿ ನಿಂತ.

"ನನ್ನ ಮಗನ ಮನೆಗೆ ಬಾಗ್ಲಿಲ್ಲೇನಾ?"

"ಇದೆ ದೊಡ್ಡಪ್ಪಯ್ಯ."

"ಕೇಸು ಗೀಸು ಹಾಕಿದೀಯನಾ ಅವನ ಮೇಲೆ?"

"ಶಿವ ಶಿವಾ!"

ಮುಕುಂದಯ್ಯ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದರು. ಅವರ ಮುಖದ ಕೋಪ ಇಳಿದು ಆ ಜಾಗಕ್ಕೆ ಬೇರೇನೋ ಬಂತು. ಸುತ್ತ ನೋಡಿ, ದನಿ ತಗ್ಗಿಸಿ ಕೇಳಿದರು:

"ಯಾರಿಗೆ?"

"ಏನು ಯಾರಿಗೆ?"

"ಮುಚ್ಚಿಡಬೇಡ ಮಗಾ. ನಿಂಗಾ, ವರದಂಗಾ?"

ಆಗ ವಾಸಪ್ಪನಿಗೆ ಅರ್ಥವಾಯಿತು. ಕಾಯಿಲೆಯಿಲ್ಲ ಎಂದರೆ ಮತ್ತೇಕೆ ಹೋಗುತ್ತೀಯ ಎಂಬ ಪ್ರಶ್ನೆ ಬರುತ್ತದೆ. ಸುಮ್ಮನೆ, ಗಂಡ ಹೆಂಡತಿ ಇಬ್ಬರೇ, ಖುಷಿಗೆ ಎನ್ನಬೇಕಾಗುತ್ತದೆ. ತೀರ್ಥಹಳ್ಳಿಯ ಅಜ್ಜಿಮನೆಯಲ್ಲಿ ಓದುತ್ತಿರುವ ಎರಡು ಹೆಣ್ಣುಮಕ್ಕಳ ತಂದೆ ಅವನು. ದೊಡ್ಡಪ್ಪನ ಜಗಲಿಯಲ್ಲಿ ನಿಂತು 'ಖುಷಿ' ಎಂಬ ಪದವನ್ನು ಬಾಯಲ್ಲಿ ಆಡುವುದು ಸಾಧ್ಯವೇ? ಅವನು ನೆಲ ನೋಡಿದ.

"ವರದಂಗೆ" ಎಂದು ಮುಕುಂದಯ್ಯನವರೇ ತೀರ್ಮಾನಿಸಿದರು.

"ಹೂಂ" ಎಂದ ವಾಸಪ್ಪ.

ಇಡೀ ಸುಳ್ಳಿನಲ್ಲಿ ಅವನ ಪಾಲು ಅಷ್ಟೇ. ಉಳಿದದ್ದನ್ನು ಊರು ಸೇರಿಸಿತು.

ಮಾರನೆಯ ಬೆಳಿಗ್ಗೆಯಿಂದ ನೋಡಲು ಬರುವವರು ಶುರುವಾದರು. ಬ್ರೆಡ್ಡು ತಂದರು, ಕಿತ್ತಳೆ ತಂದರು, ಗಾಜನೂರಿನ ನೆಂಟರು ಹಾರ್ಲಿಕ್ಸ್ ಬಾಟಲಿಯನ್ನೇ ತಂದರು. ವಿಷಯ ತಿಳಿಯದ ವರದಮ್ಮ ಬೆಂಗಳೂರಿಗೆ ಹೋಗುವವರನ್ನು ಹೀಗೆ ಕಳಿಸುವುದು ಹೊಸ ಪದ್ಧತಿಯಿರಬೇಕೆಂದುಕೊಂಡಳು. ಬಂದವರಿಗೆಲ್ಲ ಕಾಫಿ ಮಾಡಿದಳು. ದೂರದವರಿಗೆ ತಿಂಡಿ ಮಾಡಿದಳು. ಇನ್ನೂ ದೂರದವರು ಊಟಕ್ಕೇ ನಿಂತರು. ಎಲ್ಲರೂ ಅವಳನ್ನು ನೋಡಿ ನಿಟ್ಟುಸಿರು ಬಿಟ್ಟು, ಎರಡನೆಯ ಸಲ ಸಾರು ಹಾಕಿಸಿಕೊಂಡರು.

ಮೂರನೆಯ ದಿನ ಗುತ್ಯಮ್ಮನಿಗೆ ತಡೆಯಲಾಗಲಿಲ್ಲ. ಅಡುಗೆಮನೆಯ ಬಾಗಿಲಿಗೆ ಒರಗಿ ಕಣ್ಣೊರೆಸಿಕೊಂಡಳು.

"ಸಾಕು ಬಿಡ್ರಮ್ಮಾ, ಎಷ್ಟೂಂತ ಬೇಯ್ತೀರಿ? ಹೊಟ್ಟೇಲಿ ಗಡ್ಡೆ ಇಟ್ಕಂಡು ಯಾರಾದ್ರೂ ಒಲೆ ಮುಂದೆ ಕೂರ್ತಾರಾ? ಕೂತ್ಕಳಿ... ನನ್ ಕಾಫಿಗೆ ಬೆಲ್ಲ ಚೂರು ಜಾಸ್ತಿ ಹಾಕಿ ಕೂತ್ಕಳಿ."

"ಯಾರ ಹೊಟ್ಟೇಲೇ ಗಡ್ಡೆ?"

"ನಿಮ್ದೇ ಅಂತಲ್ಲಮ್ಮಾ! ಅಯ್ಯನೇ ದೊಡ್ಡಯ್ಯನ ಹತ್ರ ಅತ್ಕಂಡು ಹೇಳಿದ್ರಂತೆ. ಬೆಂಗ್ಳೂರಲ್ಲಿ ಕೊಯ್ತಾರಂತೆ. ಅದ್ಕೇ ಹೋಟ್ಲಂತೆ."

ವರದಮ್ಮ ಕಾಫಿಯ ಪಾತ್ರೆಯನ್ನು ಒಲೆಯಿಂದ ಇಳಿಸಿ, ಒಲೆಗೆ ನೀರು ಹೊಯ್ದು, ನಡುಮನೆಗೆ ಹೋಗಿ ಚಾಪೆ ಹಾಸಿ, ಕಂಬಳಿ ಹೊದ್ದು ಮಲಗಿದಳು. ಗುತ್ಯಮ್ಮನ ಕಾಫಿ ಅಲ್ಲಿಗೇ ನಿಂತಿತು.

ವಾಸಪ್ಪ ಬಂದು ನೋಡಿದಾಗ ಮನೆಯಲ್ಲಿ ಹೊಗೆಯಿರಲಿಲ್ಲ.

"ಯಾಕೆ ಮಲಗಿದೀಯ?"

"ಹೊಟ್ಟೇಲಿ ಗಡ್ಡೆ."

"ಯಾವಾಗಿಂದ?"

"ನೀವು ದೊಡ್ಡಮಾವಯ್ಯನ ಹತ್ರ ಹೇಳಿದಾಗಿಂದ."

"ಹೇಳಲಿಲ್ಲ ಮಾರಾಯ್ತಿ, ಹೂಂ ಅಂದೆ ಅಷ್ಟೇ! ಏಳೇ, ಆಲೆಮನೇಲಿ ಜನ ಕಾಯ್ತಿದಾರೆ."

"ಕಾಯಿಲೆಯವ್ಳು ಏಳ್ಬಾರ್ದು. ನೋಡಿದವ್ರು ಏನಂತಾರೆ? ವಾಸಪ್ಪ ಸುಳ್ಳು ಹೇಳ್ದ ಅನ್ನಲ್ವಾ? ನಿಮ್ಮ ಮರ್ಯಾದೆಗೋಸ್ಕರ ಮಲಗಿದೀನಿ."

ಆ ಮಧ್ಯಾಹ್ನ ವಾಸಪ್ಪ ಬೇಯಿಸಿದ ಅನ್ನ ಕೆಳಗೆ ಹೊತ್ತಿ, ಮೇಲೆ ಬೇಯದೆ, ನಡುವೆ ಗಂಜಿಯಾಗಿತ್ತು. ಮಾರನೆಯ ಬೆಳಿಗ್ಗೆ ಕಡುಬು ಮಾಡಿದ. ಒಲೆಗೆ ಸಿಪ್ಪೆ ತುರುಕುವವನು ಒಂದನ್ನು ಕೈಯಲ್ಲಿ ತೂಗಿ ನೋಡಿ ಬೇಲಿಯ ಆಚೆಗೆ ಎಸೆದ. ಅಲ್ಲಿದ್ದ ನಾಯಿ ಎದ್ದು ಹೋಯಿತು. ಊಟ ಸರಿಯಿಲ್ಲದ ಆಳುಗಳು ನೊರೆ ಸರಿಯಾಗಿ ತೆಗೆಯಲಿಲ್ಲ, ಪಾಕ ನೋಡಲಿಲ್ಲ. ಒಂದಿಡೀ ಕೊಪ್ಪರಿಗೆ ಬೆಲ್ಲ ಸೀದು ಗಾಡಿಯ ಕೀಲೆಣ್ಣೆಯ ಬಣ್ಣಕ್ಕೆ ತಿರುಗಿತು.

ಕಂಗಾಲಾದ ವಾಸಪ್ಪ ನಿಜ ಹೇಳಿಬಿಡುವುದೆಂದು ದೊಡ್ಡಪ್ಪನ ಮನೆಗೆ ಓಡಿದ.

"ದೊಡ್ಡಪ್ಪಯ್ಯ, ವರದಂಗೆ ಏನೂ ಕಾಯಿಲೆ ಇಲ್ಲ."

ಮುಕುಂದಯ್ಯ ಎದ್ದು ಬಂದು ಅವನ ಬೆನ್ನು ಸವರಿದರು. ಅವರ ಕಣ್ಣು ತುಂಬಿತ್ತು.

"ಹಂಗೇ ಧೈರ್ಯ ತಂದ್ಕೋ ಮಗಾ. ಅಷ್ಟು ಜಾಸ್ತಿ ಆಗಿದ್ಯಾ?"

"ನಿಜವಾಗ್ಲೂ ಇಲ್ಲ!"

"ಅಳ್ಬೇಡ. ನಾನೆಲ್ಲ ಚೌಡಿ ಪಾದಕ್ಕೆ ಹಾಕಿ ಬಂದಿದೀನಿ."

ಅವರು ಆಗಲೇ ಮನೆದೇವತೆ ಚೌಡಿಯ ಬನಕ್ಕೆ ಹೋಗಿ ಹರಕೆ ಹೇಳಿಕೊಂಡಾಗಿತ್ತು: ವರದ ಗುಣವಾಗಲಿ, ಹುಂಜ ಕೊಟ್ಟು, ಕಡುಬು ಕೋಳಿಸಾರು ಮಾಡಿ ಇಡೀ ಕೊಪ್ಪಕ್ಕೆ ಬಡಿಸುತ್ತೇವೆ. ಅವರ ಮನೆತನದ ಚೌಡಿಯ ಹರಕೆಗೆ ಒಂದು ಕಟ್ಟುಪಾಡಿತ್ತು. ಯಾರು ಗುಣವಾದರೋ ಅವರೇ ಕೈಯಾರೆ ಅಡುಗೆ ಮಾಡಬೇಕು. ಇನ್ನೊಬ್ಬರ ಕೈ ತಾಗುವಂತಿಲ್ಲ. ಇನ್ನೂ ಒಂದು ಕಟ್ಟು: ಒಂದು ಹರಕೆ ತೀರುವ ತನಕ ಅದೇ ಮನೆತನದ ಎರಡನೆಯ ಹರಕೆಯನ್ನು ಚೌಡಿ ಕಿವಿಗೆ ಹಾಕಿಕೊಳ್ಳುವುದಿಲ್ಲ. ದುರ್ದೈವಕ್ಕೆ ಹರಕೆ ಹೇಳಿಕೊಂಡ ಮಾರನೆಯ ದಿನವೇ ಮುಕುಂದಯ್ಯನವರು ವಾಸಪ್ಪನ ಗಾಣಕ್ಕೆ ಕೊಟ್ಟಿದ್ದ ಜೋಡಿಯಲ್ಲಿ ಎಡಗಡೆ ಕೋಣ ಕಾಲು ಉಳುಕಿಸಿಕೊಂಡಿತು. ಈಗ ಅವರು ಕೋಣದ ಪರವಾಗಿ ಚೌಡಿಯ ಮುಂದೆ ಬಾಯಿ ತೆರೆಯುವಂತಿಲ್ಲ. ವರದಮ್ಮ ಮೊದಲು ಎದ್ದು ಕಡುಬು ಬೇಯಿಸಬೇಕು, ಆಮೇಲೆ ಕೋಣದ ಸರದಿ.

ವಾಸಪ್ಪ ಮನೆಗೆ ಬಂದು ಹರಕೆಯ ವಿಷಯ ತಿಳಿಸಿದ. ವರದಮ್ಮ ಕಂಬಳಿಯ ಒಳಗಿನಿಂದ ಕೇಳಿದಳು:

"ಇಡೀ ಕೊಪ್ಪಕ್ಕಾ?"

"ಇಡೀ ಕೊಪ್ಪಕ್ಕೆ."

"ನನ್ನೊಬ್ಬಳ ಕೈಯಲ್ಲಾ?"

"ಕಟ್ಟು ಹಾಗಿದೆ ಕಣೆ."

ಅವಳು ಮಗ್ಗುಲು ಬದಲಿಸಿದಳು. "ಹಾಗಾದ್ರೆ ನಂಗೆ ಕಾಯಿಲೆ ಜಾಸ್ತಿ ಆಗಿದೆ."

ಮುಕುಂದಯ್ಯನವರು ತಡಮಾಡಲಿಲ್ಲ. ಹೊಸನಗರದಲ್ಲಿ ಆಗತಾನೇ ಬೋರ್ಡು ಹಾಕಿದ್ದ ಎಳೆಯ ಡಾಕ್ಟರನ್ನು ಗಾಡಿ ಕಟ್ಟಿಸಿ ಕರೆಸಿದರು. ನಡುಮನೆಯ ತುಂಬ ಜನ. ಡಾಕ್ಟರು ನಾಡಿ ಹಿಡಿದರು, ನಾಲಿಗೆ ನೋಡಿದರು, ಹೊಟ್ಟೆ ಒತ್ತಿದರು. ಗಡ್ಡೆ ಸಿಕ್ಕಲಿಲ್ಲ. ಗಡ್ಡೆ ಇಲ್ಲವೆಂದು ಹೇಳಲು ಸುತ್ತಲಿದ್ದವರ ಮುಖ ನೋಡಿ ಧೈರ್ಯ ಬರಲಿಲ್ಲ.

"ಏನಾಗುತ್ತಮ್ಮ ನಿಮ್ಗೆ?"

"ಒಲೆ ಹತ್ರ ಹೋದ್ರೆ ತಲೆ ತಿರುಗುತ್ತೆ ಡಾಕ್ಟ್ರೇ. ಸೊಂಟ ಹಿಡಿಯುತ್ತೆ. ಅಳು ಬರುತ್ತೆ."

"ದೂರ ಬಂದ್ರೆ?"

"ಚೆನ್ನಾಗಿರುತ್ತೆ."

ಡಾಕ್ಟರು ಕನ್ನಡಕ ತೆಗೆದು ಒರೆಸಿ, ಬಹಳ ಗಂಭೀರವಾಗಿ ಹೇಳಿದರು: "ಹವಾ ಬದಲಾಗ್ಬೇಕು. ಹೊಗೆ ಸೋಕಬಾರ್ದು. ನಾಲ್ಕೈದು ದಿನ ಪೂರ್ತಿ ವಿಶ್ರಾಂತಿ."

ಮುಕುಂದಯ್ಯನವರ ಮುಖ ಅರಳಿತು. "ನನ್ನ ಮಗನ ಮನೆ ಇದೆಯಲ್ಲ ಬೆಂಗಳೂರಲ್ಲಿ!"

"ಅಲ್ಲಿ ಒಲೆ ಇದ್ಯಾ?"

"ಒಲೆ ಇಲ್ದೆ ಇರೋ ಮನೆ ಎಲ್ಲಿರುತ್ತೆ ಡಾಕ್ಟ್ರೇ?"

"ಹಾಗಾದ್ರೆ ಬೇಡ. ಮನೆಯೇ ಬೇಡ."

ಮನೆಯಲ್ಲದ, ಒಲೆ ಕಾಣದ, ಮಲಗಲು ಮಂಚವಿರುವ ಜಾಗ ಪ್ರಪಂಚದಲ್ಲಿ ಯಾವುದು ಎಂದು ಎಲ್ಲರೂ ಯೋಚಿಸಿದರು. ಕೊನೆಗೆ ಆ ಪದವನ್ನು ಮುಕುಂದಯ್ಯನವರೇ, ಕಷಾಯ ನುಂಗುವವರ ಹಾಗೆ ಮುಖ ಮಾಡಿ ಹೇಳಿದರು:

"ಹೋಟ್ಲು."

ಅಂದಿನಿಂದ ಕಲ್ಲುಕೊಪ್ಪಕ್ಕೆ ಬೇರೆ ಕೆಲಸವಿರಲಿಲ್ಲ. ಆಲೆಮನೆಯ ಬೆಂಚಿನ ಮೇಲೆ ಬೆಂಗಳೂರಿನ ಹೋಟ್ಲುಗಳ ವಿಚಾರಣೆ ನಡೆಯಿತು. ವಿಘ್ನೇಶ್ವರನ ಜೀಪಿಗೆ ಮುಕುಂದಯ್ಯ ಸ್ವತಃ ರಸ್ತೆಯಲ್ಲಿ ಅಡ್ಡ ನಿಂತರು.

"ನೋಡಪ್ಪಾ, ಹೋಟ್ಲು ಚೊಕ್ಕಟ ಇರ್ಬೇಕು, ನೋಡೋಕೂ ಲಕ್ಷಣವಾಗಿರ್ಬೇಕು. ಹಾಗಂತ ನಮ್ಮನ್ನ ಸುಲೀಬಾರ್ದು."

"ನಾನು ಉಳಿದಿದ್ದೇ ಇದೆಯಲ್ಲ, ರೈಲ್ವೆ ಸ್ಟೇಷನ್ ಎದುರಿಗೆ."

"ರೈಲಿನ ಹೊಗೆ ಬರಲ್ವಾ?" ಎಂದ ಒಲೆಗೆ ಸಿಪ್ಪೆ ತುರುಕುವವನು. ಅವನು ರೈಲು ನೋಡಿರಲಿಲ್ಲ. ಆದರೂ ಆಕ್ಷೇಪಣೆ ನ್ಯಾಯವಾಗಿದೆಯೆಂದು ಸಭೆ ಒಪ್ಪಿತು. ಆ ಹೋಟ್ಲು ಬಿದ್ದುಹೋಯಿತು.

"ಮಾರ್ಕೆಟ್ ಹತ್ರ ಒಂದಿದೆ, ಅಗ್ಗ."

"ಮಂಚಕ್ಕೊಬ್ರೇ ಮಲಗೋದಾ, ಗುರುತಿಲ್ದವ್ರ ಜೊತೆ ಪಾಲಾ?" ಎಂದಳು ಗುತ್ಯಮ್ಮ. ಅದೂ ಬಿದ್ದುಹೋಯಿತು.

"ಬಸವನಗುಡಿ ಕಡೆ ಇನ್ನೊಂದಿದೆ. ಮುಂದುಗಡೆ ಸಂಪಿಗೆ ಮರ, ಮಹಡಿ ಮೇಲೆ ರೂಮು. ಅಡುಗೆಮನೆ ಹಿತ್ತಲ ಆಚೆ, ಬೇರೆ ಕಟ್ಟಡದಲ್ಲಿ. ದರವೂ ಹೆಚ್ಚಿಲ್ಲ."

"ಹೊಗೆ?"

"ಗಾಳಿ ಆಚೆ ಕಡೆಗೆ ಬೀಸುತ್ತೆ" ಎಂದ ವಿಘ್ನೇಶ್ವರ. ಓವರ್‌ಸಿಯರನ ಮಾತಾದ್ದರಿಂದ ಎಲ್ಲರೂ ನಂಬಿದರು. ಹೋಟ್ಲು ಮಂಜೂರಾಯಿತು. ವಾಸಪ್ಪನನ್ನು ಯಾರೂ ಏನೂ ಕೇಳಲಿಲ್ಲ. ಅವನು ಮನೆಯಲ್ಲಿ ಕಡುಬಿನ ಹಿಟ್ಟು ತೊಳಸುತ್ತಿದ್ದ.

ನೋಡಿಕೊಳ್ಳಲು ಹೆಂಗಸರಿಬ್ಬರನ್ನು ಜೊತೆಗೆ ಕಳಿಸುವುದಾಗಿ ಮುಕುಂದಯ್ಯ ಹೇಳಿದರು. "ಅವ್ರು ಬಂದ್ರೆ ಒಲೆಯೂ ಬರುತ್ತೆ ಮಾವಯ್ಯ" ಎಂದು ವರದಮ್ಮ ಕ್ಷೀಣ ದನಿಯಲ್ಲಿ ಅಂದಳು. ಡಾಕ್ಟರ ಮಾತು ನೆನೆದು ಅವರು ಸುಮ್ಮನಾದರು.

ಆಲೆಮನೆ ಕುಂಟುತ್ತ ಮುಗಿಯಿತು. ಹೊರಡುವ ದಿನ ಅರ್ಧ ಊರು ಬಸ್ಸಿನ ಹತ್ತಿರ ನಿಂತು ಅತ್ತಿತು. ವರದಮ್ಮ ಕಿಟಕಿಯ ಪಕ್ಕ ಕೂತು, ಬಸ್ಸು ಹೊಸನಗರ ದಾಟುವವರೆಗೆ ನರಳಿದಳು. ದಾಟಿದ ಮೇಲೆ ಕಡಲೆಕಾಯಿ ಕೊಡಿಸಿರೆಂದಳು.

ಹೋಟ್ಲು ವಿಘ್ನೇಶ್ವರ ಹೇಳಿದ ಹಾಗೇ ಇತ್ತು. ಸಂಪಿಗೆ ಮರವಿತ್ತು, ಮಹಡಿಯಿತ್ತು, ಗೋಡೆಯಲ್ಲಿ ಗುಂಡಿಯೂ ಇತ್ತು. ಆ ಗುಂಡಿಗೆ ವಾಸಪ್ಪ ಹೆದರಿದ. ಒತ್ತಿದರೆ ಯಾರೋ ಓಡಿ ಬಂದು "ಏನ್ ಸಾರ್?" ಎನ್ನುತ್ತಿದ್ದರು; ಇವನಿಗೆ ಏನು ಬೇಕೆಂದು ತೋಚದೆ "ಏನಿಲ್ಲ, ಊಟ ಆಯ್ತಾ?" ಎಂದು ವಿಚಾರಿಸಿ ಕಳಿಸುತ್ತಿದ್ದ. ಹಾಸಿಗೆಯಲ್ಲಿ ತಿಗಣೆಯಿತ್ತು. ವಾಸಪ್ಪ ತುರಿಸಿಕೊಂಡು ಎದ್ದು ಕೂತ. ವರದಮ್ಮ ಮಾತ್ರ ಕೈಕಾಲು ಚೆಲ್ಲಿ, ಬೆಳಿಗ್ಗೆ ಬಿಸಿಲು ಮಂಚದ ಮೇಲೆ ಬರುವ ತನಕ ನಿದ್ದೆ ಮಾಡಿದಳು. ಎದ್ದವಳೇ ಗುಂಡಿ ಒತ್ತಿ, "ಎರಡು ಇಡ್ಲಿ, ಒಂದು ವಡೆ, ಸಾಂಬಾರು ಬೇರೆ ಬಟ್ಟಲಲ್ಲಿ" ಎಂದಳು, ಹುಟ್ಟಿದಾಗಿನಿಂದ ಗುಂಡಿ ಒತ್ತಿಕೊಂಡೇ ಬಂದವಳಂತೆ.

ತಂದೆಯ ಕಾಗದ ಸೇರಿ ಸುಬ್ಬರಾಯ ಹೆಂಡತಿಯ ಜೊತೆ ಓಡಿ ಬಂದ. ಹೋಟ್ಲಿಗೆ ಬಂದದ್ದಕ್ಕೆ ಸಿಟ್ಟಿರಲಿಲ್ಲ, ಕಾಯಿಲೆಯಲ್ಲವೇ! ಅವನ ಹೆಂಡತಿ ನಾಲ್ಕಂತಸ್ತಿನ ಕ್ಯಾರಿಯರ್ ಬಿಚ್ಚಿ, ತಾನೇ ಬಡಿಸಿದಳು. ವರದಮ್ಮ ದಿಂಬಿಗೆ ಒರಗಿ ತಿಂದಳು.

"ಪಲ್ಯಕ್ಕೆ ಉಪ್ಪು ಸ್ವಲ್ಪ ಕಡ್ಮೆ ಕಣೆ" ಎಂದಳು. "ನಾಳೆ ನೋಡಿ ಹಾಕು."

ಅವಳು ಮಾರನೆಯ ದಿನವೂ ತಂದಳು. ಉಪ್ಪು ಸರಿಯಾಗಿತ್ತು. ಬಾಣಂತನದ ಋಣ ಹೀಗೆ ಕ್ಯಾರಿಯರಿನಲ್ಲಿ ತೀರಿತು.

ಊರಿಗೆ ಮರಳಿದಾಗ ವರದಮ್ಮನ ಕೆನ್ನೆ ತುಂಬಿತ್ತು. ಮುಕುಂದಯ್ಯ ಬಸ್ಸಿನ ಹತ್ತಿರವೇ ನಿಂತಿದ್ದರು. ಕಂಕುಳಲ್ಲಿ ಕೆಂಪು ಹುಂಜ. ಹಿಂದೆ ಗುತ್ಯಮ್ಮ ಮತ್ತು ಕೊಪ್ಪದ ಮಂದಿ. ಕೆಲವರು ಅವತ್ತು ಮನೆಯಲ್ಲಿ ಒಲೆಯನ್ನೇ ಹಚ್ಚಿರಲಿಲ್ಲ.

"ಗುಣ ಆಯ್ತಲ್ಲ ವರದಾ?" ಎಂದು ಅವರು ಹುಂಜವನ್ನು ಮುಂದಕ್ಕೆ ಹಿಡಿದರು. "ಅಕ್ಕಿ ಅಳೆದಿಟ್ಟಿದೀವಿ."

ವರದಮ್ಮ ಹುಂಜವನ್ನು ನೋಡಿದಳು. ಜನವನ್ನು ನೋಡಿದಳು.

"ಮುಕ್ಕಾಲು ಪಾಲು ಗುಣ ಆಗಿದೆ ಮಾವಯ್ಯ. ಇನ್ನು ಕಾಲು ಪಾಲು ಉಳಿದಿದೆ. ಅದಕ್ಕೆ ಬರೋ ವರ್ಷ ಇದೇ ಹೊತ್ತಿಗೆ ಮತ್ತೆ ಬರ್ಬೇಕಂತೆ."

ಮುಕುಂದಯ್ಯ ವಾಸಪ್ಪನ ಕಡೆ ತಿರುಗಿದರು. "ಹೌದನಾ?"

ವಾಸಪ್ಪ ಕುತ್ತಿಗೆಯ ತಿಗಣೆ ಗಾಯ ತುರಿಸಿಕೊಂಡ. ಕೊಪ್ಪದಷ್ಟೂ ಹಸಿದ ಮುಖಗಳು ಅವನ ಬಾಯನ್ನೇ ನೋಡುತ್ತಿದ್ದವು. ಪಕ್ಕದಲ್ಲಿ ಹೆಂಡತಿ ನೋಡುತ್ತಿದ್ದಳು.

"ಹೌದು ದೊಡ್ಡಪ್ಪಯ್ಯ" ಎಂದ. "ರೂಮು ಹೇಳಿಟ್ಟೇ ಬಂದಿದೀನಿ."

ಮುಕುಂದಯ್ಯ ಹುಂಜದ ಜೊತೆ ನೇರವಾಗಿ ಚೌಡಿಬನಕ್ಕೆ ಹೋದರು. ಕಲ್ಲಿನ ಮುಂದೆ ಬಹಳ ಹೊತ್ತು ನಿಂತು, ತಮ್ಮ ಕುಂಟು ಕೋಣವನ್ನು ನೆನೆದು, ಕೊನೆಗೆ ಕೈಮುಗಿದು ಕೇಳಿದರು:

"ತಾಯೀ, ಮುಕ್ಕಾಲು ಪಾಲು ಗುಣ ಆಗಿದೆಯಂತೆ. ಮುಕ್ಕಾಲು ಪಾಲು ಕೋಳಿ ಈಗ ತಗೊಂಡು ಉಳಿದದ್ದಕ್ಕೆ ವಾಯಿದೆ ಕೊಡ್ತೀಯಾ?"

ಉತ್ತರಕ್ಕೆ ಹುಂಜವೇ ಅವರ ಕಂಕುಳಲ್ಲಿ ಕತ್ತು ಚಾಚಿ ಗಟ್ಟಿಯಾಗಿ ಕೂಗಿತು. ಅವರು ಅದನ್ನು ಇಡಿಯಾಗಿಯೇ ಮನೆಗೆ ಹೊತ್ತು ತಂದು ಬುಟ್ಟಿಯಡಿ ಕವುಚಿದರು.